ಹಾಯಿದೋಣಿಗೆ ದೊಡ್ಡ ಆಲ್ಟರ್ನೇಟರ್: ಬ್ಯಾಟರಿಯಿಂದ ಎಂಜಿನ್ ಕಡೆಗೆ ಒಂದು ಪೂರ್ತಿ ಲೆಕ್ಕ

ಆಲ್ಟರ್ನೇಟರ್ ಅಂದರೆ ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ಹಾಯಿದೋಣಿಯಲ್ಲಿ ಚಾರ್ಜಿಂಗ್ ಹೆಚ್ಚಿಸುವ ಕೆಲಸದಲ್ಲಿ ಅದನ್ನು ಕೊಳ್ಳುವುದು ಕೊನೆಗೆ ಬರಬೇಕಾದ ಹೆಜ್ಜೆ. ಹೆಚ್ಚಿನವರು ಅದನ್ನೇ ಮೊದಲು ಮಾಡುತ್ತಾರೆ. ಡಬ್ಬದ ಮೇಲೆ 120 ಆಂಪ್ ಎಂದಿರುತ್ತದೆ. ತಂದು ಕೂರಿಸುತ್ತಾರೆ. ಮೀಟರಿನಲ್ಲಿ 55 ಕಾಣಿಸುತ್ತದೆ. ಸ್ವಲ್ಪ ದಿನಕ್ಕೆ ಬೆಲ್ಟು ಸವೆದು ಎಂಜಿನ್ ಕೋಣೆಯೆಲ್ಲ ಕಪ್ಪು ಪುಡಿ. ಆಮೇಲೆ ಆಲ್ಟರ್ನೇಟರಿಗೆ ಬೈಗುಳ. ಪಾಪ, ಅದರದ್ದೇನೂ ತಪ್ಪಿರುವುದಿಲ್ಲ.

ಬ್ಯಾಟರಿ ಎಷ್ಟು ಕರೆಂಟ್ ತೆಗೆದುಕೊಳ್ಳುತ್ತದೆ, ಬೆಲ್ಟು ಎಷ್ಟು ಎಳೆಯುತ್ತದೆ, ಕೇಬಲ್ ಎಷ್ಟು ತಾಳುತ್ತದೆ, ಹುಟ್ಟಿದ ಬಿಸಿ ಎಲ್ಲಿಗೆ ಹೋಗುತ್ತದೆ ಎನ್ನುವುದು ಮೊದಲು ಗೊತ್ತಾಗಬೇಕು. ಹಾಗಾಗಿ ನಾವು ಬ್ಯಾಟರಿಯಿಂದ ಶುರುಮಾಡಿ ಎಂಜಿನ್ ಕಡೆಗೆ ಹೋಗೋಣ.

ಉದಾಹರಣೆಗೆ ಒಂದು ಬೋಟ್ ಇಟ್ಟುಕೊಳ್ಳೋಣ. 1980–90ರ ದಶಕದ 35 ಅಡಿಯ ಹಾಯಿದೋಣಿ. ಯಾನ್ಮಾರ್ 3ಜಿಎಂ30 ಡೀಸೆಲ್ ಎಂಜಿನ್, ಮೂರು ಸಿಲಿಂಡರ್, 27 ಅಶ್ವಶಕ್ತಿ. ಜೊತೆಗೆ ಬಂದದ್ದು 55 ಆಂಪಿನ ಹಿಟಾಚಿ ಆಲ್ಟರ್ನೇಟರ್. ಅಮೆರಿಕ, ಯುರೋಪಿನಲ್ಲಿ ಸೆಕೆಂಡ್ ಹ್ಯಾಂಡ್ ಬೋಟ್ ಹುಡುಕುವವರಿಗೆ ಇದು ಚೆನ್ನಾಗಿ ಪರಿಚಯವಿರುವ ಎಂಜಿನ್. ನಿಮ್ಮದು ಬೇರೆಯಾದರೆ ಅಂಕಿ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

1. ದಿನಕ್ಕೆ ಎಷ್ಟು ಖರ್ಚಾಗುತ್ತದೆ?

ಲಂಗರು ಹಾಕಿ ನಿಂತಾಗ ಒಂದು ದಿನಕ್ಕೆ ಎಷ್ಟು ಎಎಚ್ (ಆಂಪ್-ಅವರ್; ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಎಎಚ್) ಖರ್ಚಾಗುತ್ತದೆ ಎಂದು ಬರೆದುಕೊಳ್ಳಿ. ಫ್ರಿಜ್ ಒಂದೇ 50–60 ಎಎಚ್ ತಿನ್ನುತ್ತದೆ, ಸೆಕೆಯಲ್ಲಿ ಇನ್ನೂ ಜಾಸ್ತಿ. ದೀಪ, ಫ್ಯಾನು, ನೀರಿನ ಪಂಪು ಸೇರಿ 15. ರೇಡಿಯೋ ಮತ್ತು ಉಪಕರಣಗಳಿಗೆ 10. ಫೋನು, ಲ್ಯಾಪ್‌ಟಾಪಿಗೆ 20. ರಾತ್ರಿ ಲಂಗರಿನ ಎಲ್ಇಡಿ ದೀಪಕ್ಕೆ ಎರಡು-ಮೂರು. ಸುಮಾರು 110 ಆಯಿತು. ಸಾಗುತ್ತಿರುವಾಗ ಆಟೋಪೈಲಟ್ ಸರಾಸರಿ 4 ಆಂಪ್ ಎಳೆದರೆ ಅದಕ್ಕೇ ದಿನಕ್ಕೆ 96 ಬೇಕು.

ಅಂದಾಜಿಗಿಂತ ಅಳತೆ ಒಳ್ಳೆಯದು. ಬ್ಯಾಟರಿಯ ನೆಗೆಟಿವ್ ಕಡೆ ಷಂಟ್ (ಹರಿಯುವ ಕರೆಂಟ್ ಅಳೆಯುವ ಸಾಧನ) ಇರುವ ಬ್ಯಾಟರಿ ಮಾನಿಟರ್ ಹಾಕಿಸಿ. ವಿಕ್ಟ್ರಾನಿನ ಸ್ಮಾರ್ಟ್‌ಷಂಟ್ ಥರದ್ದು ಸಾಕು. ಆಲ್ಟರ್ನೇಟರಿಗೆ ದುಡ್ಡು ಹಾಕುವ ಮೊದಲು ಇದಕ್ಕೆ ಹಾಕಿ. ಎಷ್ಟೋ ಸಲ ಫ್ರಿಜ್ಜಿನ ಬಾಗಿಲಿನ ರಬ್ಬರ್ ಬದಲಾಯಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

2. ಬ್ಯಾಟರಿ ಎಷ್ಟು ತೆಗೆದುಕೊಳ್ಳುತ್ತದೆ?

ಬ್ಯಾಟರಿಗೆ ಎಷ್ಟು ಕರೆಂಟ್ ಬೇಕೆಂದು ನಿರ್ಧರಿಸುವುದು ಆಲ್ಟರ್ನೇಟರ್ ಅಲ್ಲ, ಬ್ಯಾಟರಿಯೇ. ನೀರು ಹಾಕುವ ಮಾಮೂಲಿ ಲೆಡ್-ಆಸಿಡ್ ಬ್ಯಾಟರಿ, ಅಂದರೆ ಮನೆಯ ಯುಪಿಎಸ್‌ಗೆ ಇಡುವ ಜಾತಿಯದ್ದು, ತನ್ನ ಸಾಮರ್ಥ್ಯದ ಸುಮಾರು ಕಾಲು ಭಾಗದಷ್ಟು ಆಂಪ್ ತೆಗೆದುಕೊಳ್ಳುತ್ತದೆ. ಎಜಿಎಂ ಬ್ಯಾಟರಿ, ಅಂದರೆ ನೀರು ಹಾಕಬೇಕಿಲ್ಲದ ಮುಚ್ಚಿದ ಲೆಡ್-ಆಸಿಡ್, ಶೇ. 40 ಅಥವಾ ಅದಕ್ಕೂ ಹೆಚ್ಚು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಲ್ಲಿ ಹೆಚ್ಚಿನವು ಅರ್ಧದಷ್ಟನ್ನು ಆರಾಮಾಗಿ ತೆಗೆದುಕೊಳ್ಳುತ್ತವೆ.

ನಮ್ಮ ಬೋಟಿನಲ್ಲಿ ನಾಲ್ಕು 6 ವೋಲ್ಟಿನ ಗಾಲ್ಫ್ ಕಾರ್ಟ್ ಬ್ಯಾಟರಿ ಇವೆ ಎಂದುಕೊಳ್ಳಿ. ಟ್ರೋಜನ್ ಟಿ-105 ಒಂದೊಂದೂ 225 ಎಎಚ್. ಎರಡೆರಡು ಸರಣಿಯಲ್ಲಿ, ಆ ಎರಡು ಜೋಡಿ ಪಕ್ಕಪಕ್ಕ. ಒಟ್ಟು 12 ವೋಲ್ಟಿನಲ್ಲಿ 450 ಎಎಚ್. ಅದರ ಕಾಲು ಭಾಗ 112 ಆಂಪ್. ಹಾಗಾದರೆ 100–120 ಆಂಪಿನ ಆಲ್ಟರ್ನೇಟರ್ ಸರಿಹೋಗುತ್ತದೆ. 200 ಆಂಪಿನದ್ದು ತಂದರೆ ದುಡ್ಡು ದಂಡ. ಬ್ಯಾಟರಿ ಅದನ್ನು ತೆಗೆದುಕೊಳ್ಳುವುದೇ ಇಲ್ಲ.

ಇಲ್ಲಿ ಇನ್ನೊಂದು ಮುಖ್ಯ ವಿಷಯವಿದೆ. ಲೆಡ್-ಆಸಿಡ್ ಬ್ಯಾಟರಿ ಕಿರಿದಾದ ಬಾಯಿಯ ಕೊಡದ ಹಾಗೆ. ಮೊದಲು ಗಡಗಡ ತುಂಬುತ್ತದೆ, ಕುತ್ತಿಗೆ ಹತ್ತಿರ ಬಂದಾಗ ಸಣ್ಣಗೆ ಸುರಿಯಬೇಕು. ಶೇ. 50ರಿಂದ 80ರವರೆಗೆ ಪೂರ್ತಿ ಕರೆಂಟ್ ಹೋಗುತ್ತದೆ. ಇದು ಬಲ್ಕ್ ಹಂತ. 80 ದಾಟಿದ ಮೇಲೆ ವೋಲ್ಟೇಜ್ ಮಿತಿ ಮುಟ್ಟಿರುತ್ತದೆ, ಕರೆಂಟ್ ತಾನಾಗಿಯೇ ಇಳಿಯುತ್ತಾ ಹೋಗುತ್ತದೆ. ಇದು ಅಬ್ಸಾರ್ಪ್ಷನ್. ಈ ಕೊನೆಯ ಐದನೇ ಒಂದು ಭಾಗಕ್ಕೆ ನಾಲ್ಕೈದು ಗಂಟೆ ಬೇಕಾಗುತ್ತದೆ, ಆಲ್ಟರ್ನೇಟರ್ ಎಷ್ಟೇ ದೊಡ್ಡದಿರಲಿ.

ಸಮಯದ ಲೆಕ್ಕ ನೋಡಿ. 450ರ ಶೇ. 30 ಅಂದರೆ 135 ಎಎಚ್. ಚಾರ್ಜ್ ಮಾಡುವಾಗ ಒಂದಿಷ್ಟು ಸೋರುತ್ತದೆ, 150 ಇಟ್ಟುಕೊಳ್ಳಿ. ಬಿಸಿಯಾದ ಮೇಲೂ ಆಲ್ಟರ್ನೇಟರ್ 75 ಆಂಪ್ ಕೊಟ್ಟರೆ, ಅದರಲ್ಲಿ ಫ್ರಿಜ್ 5 ಎಳೆದುಕೊಂಡರೆ, ಎರಡು ಗಂಟೆಗೆ ಸ್ವಲ್ಪ ಜಾಸ್ತಿ. ಹಳೆಯ 55 ಆಂಪಿನದ್ದು ಅದೇ ವೇಗದಲ್ಲಿ 35 ಕೊಟ್ಟರೆ ಐದು ಗಂಟೆ. ಈ ವ್ಯತ್ಯಾಸಕ್ಕಾಗಿಯೇ ನಾವು ಖರ್ಚು ಮಾಡುತ್ತಿರುವುದು. 80ರಿಂದ 100ಕ್ಕೆ ಹೋಗಲು ಡೀಸೆಲ್ ಸುಡಬೇಡಿ. ಅದು ಸೋಲಾರ್ ಪ್ಯಾನೆಲ್ ಮಾಡುವ ಕೆಲಸ. ಬೆಳಿಗ್ಗೆ ಎಂಜಿನ್, ಆಮೇಲೆ ಬಿಸಿಲು. ಆದರೆ ವಾರಕ್ಕೊಮ್ಮೆಯಾದರೂ ಬ್ಯಾಟರಿ ಪೂರ್ತಿ 100 ಮುಟ್ಟಲೇಬೇಕು. ಇಲ್ಲದಿದ್ದರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಸಾಮರ್ಥ್ಯ ಕುಸಿಯುತ್ತದೆ.

3. ಡಬ್ಬದ ಮೇಲಿನ ಅಂಕಿ

ಆ 120 ಆಂಪ್ ಅನ್ನುವುದು ತಣ್ಣಗಿನ ಆಲ್ಟರ್ನೇಟರ್ ಜೋರಾಗಿ ತಿರುಗಿದಾಗ ಬರುವ ಅಂಕಿ. ಬಿಸಿಯಾದ ಮೇಲೆ ತಾಮ್ರದ ಸುರುಳಿಯ ಪ್ರತಿರೋಧ ಏರುತ್ತದೆ, ಔಟ್‌ಪುಟ್ ಶೇ. 20–25 ಇಳಿಯುತ್ತದೆ. ಗೋವಾ–ಕಾರವಾರದ ಕಡೆ ಏಪ್ರಿಲ್ ತಿಂಗಳಲ್ಲಿ ಮುಚ್ಚಿದ ಎಂಜಿನ್ ಕೋಣೆ ಹೇಗಿರುತ್ತದೆ ಊಹಿಸಿಕೊಳ್ಳಿ. ಅಲ್ಲಿ 120ರ ಆಸೆ ಬಿಡಿ. 90 ಸಿಕ್ಕರೆ ಖುಷಿಪಡಿ.

ಎರಡನೆಯದು ವೇಗ. ಆಲ್ಟರ್ನೇಟರ್ ಪೂರ್ತಿ ಕೊಡಲು ನಿಮಿಷಕ್ಕೆ ಸುಮಾರು 6,000 ಸುತ್ತು ತಿರುಗಬೇಕು. 2,000ದ ಹತ್ತಿರ ಅಲ್ಪಸ್ವಲ್ಪ ಮಾತ್ರ. ತಯಾರಕರು ವೇಗಕ್ಕೆ ತಕ್ಕ ಔಟ್‌ಪುಟ್ಟಿನ ಗ್ರಾಫ್ ಕೊಡುತ್ತಾರೆ. ಕೊಳ್ಳುವ ಮೊದಲು ಅದನ್ನು ಕೇಳಿ ಪಡೆಯಿರಿ. ಲಂಗರಿನಲ್ಲಿ ನೀವು ಓಡಿಸುವ ವೇಗದಲ್ಲಿ, ಬಿಸಿಯಾದಾಗ, ಎಷ್ಟು ಬರುತ್ತದೆ ಎಂದು ಅದರಲ್ಲಿ ನೋಡಿ. ಆ ಗ್ರಾಫ್ ಕೊಡದ ಕಂಪನಿಯ ಮಾಲು ನಾನಂತೂ ಕೊಳ್ಳುವುದಿಲ್ಲ.

ಮೂರನೆಯದು ಕಾಲು, ಅಂದರೆ ಬೋಲ್ಟು ಹಾಕುವ ಜಾಗ. ಯಾನ್ಮಾರಿನ ಹಿಟಾಚಿಗೆ ಎರಡು ಕಾಲು, ನಡುವೆ ಸುಮಾರು 80 ಮಿ.ಮೀ. ಅಂತರ. ಬೇರೆ ಎಂಜಿನ್‌ಗಳಲ್ಲಿ ಒಂದಂಗುಲ ಅಥವಾ ಎರಡಂಗುಲದ ಒಂದೇ ಕಾಲು. ಅಳೆದು ಬರೆದುಕೊಳ್ಳಿ. ಎಂಜಿನ್ ಬ್ಲಾಕಿಗೆ, ಪಕ್ಕದ ಗೋಡೆಗೆ ತಾಗದೆ ಹಿಡಿಸುತ್ತದೆಯೇ ಎಂದು ರಟ್ಟಿನ ಮಾದರಿ ಕತ್ತರಿಸಿ ಇಟ್ಟು ನೋಡಿ. ಹಳೆಯ ಬ್ರಾಕೆಟ್ ದೊಡ್ಡ ಆಲ್ಟರ್ನೇಟರಿನ ಭಾರವನ್ನೂ ಎಳೆತವನ್ನೂ ತಾಳುತ್ತದೆಯೇ ಎನ್ನುವುದೂ ಮುಖ್ಯ. ಕೆಟಲಿನಾ ಬೋಟುಗಳಲ್ಲಿ ಬಂದ ಯೂನಿವರ್ಸಲ್ ಎಂ-25 ಎಂಜಿನ್ನಿನ ಮೊದಲ ಬ್ರಾಕೆಟ್ ಮುರಿಯುವುದಕ್ಕೇ ಹೆಸರಾಗಿತ್ತು.

4. ಬೆಲ್ಟು ಮತ್ತು ಪುಲ್ಲಿ

100 ಆಂಪ್, 14.4 ವೋಲ್ಟ್ ಅಂದರೆ 1,440 ವ್ಯಾಟ್. ಆಲ್ಟರ್ನೇಟರಿನ ದಕ್ಷತೆ ಶೇ. 50–60 ಮಾತ್ರ. ಹಾಗಾಗಿ ಎಂಜಿನ್ನಿನಿಂದ ಎರಡೂವರೆ ಕಿಲೋವ್ಯಾಟಿಗೂ ಹೆಚ್ಚು ಬೇಕು. 25 ಆಂಪಿಗೆ ಒಂದು ಅಶ್ವಶಕ್ತಿ ಎಂದು ನೆನಪಿಟ್ಟರೆ ಸಾಕು. 100 ಆಂಪಿಗೆ ನಾಲ್ಕು. ಇದಿಷ್ಟೂ ಒಂದು ರಬ್ಬರ್ ಬೆಲ್ಟಿನ ಮೇಲೆ ದಾಟಬೇಕು. ಉಳಿದ ಅರ್ಧ ಶಕ್ತಿ ಎಲ್ಲಿ ಹೋಯಿತು? ಬಿಸಿಯಾಗಿ ಎಂಜಿನ್ ಕೋಣೆಗೆ.

ಯಾನ್ಮಾರಿನ ಜೊತೆ ಬರುವ 10 ಮಿ.ಮೀ. ವಿ-ಬೆಲ್ಟ್ 80 ಆಂಪಿನವರೆಗೆ ಪರವಾಗಿಲ್ಲ. 13 ಮಿ.ಮೀ. ಬೆಲ್ಟ್ ಸುಮಾರು 110ರವರೆಗೆ. ಅದಕ್ಕಿಂತ ಮೇಲೆ ಎರಡು ವಿ-ಬೆಲ್ಟ್ ಅಥವಾ ಚಪ್ಪಟೆಯಾದ, ಉದ್ದ ಗೀರುಗಳಿರುವ ಸರ್ಪೆಂಟೈನ್ ಬೆಲ್ಟ್ ಬೇಕು. ನನ್ನ ಮಾತು ಕೇಳುವುದಾದರೆ 100 ಆಂಪಿಗೇ ಸರ್ಪೆಂಟೈನ್ ಕಿಟ್ ಹಾಕಿ. ಕ್ರ್ಯಾಂಕ್ ಪುಲ್ಲಿ (ಎಂಜಿನ್ನಿನ ಮುಖ್ಯ ದಂಡದ ಮೇಲಿನದ್ದು), ವಾಟರ್ ಪಂಪ್ ಪುಲ್ಲಿ, ಆಲ್ಟರ್ನೇಟರ್ ಪುಲ್ಲಿ ಮೂರೂ ಒಟ್ಟಿಗೆ ಬರುತ್ತವೆ. ಸಸ್ತಾ ಅಲ್ಲ. ಆದರೆ ಕಪ್ಪು ಪುಡಿ ಒರೆಸುವ ಕೆಲಸ, ಪದೇ ಪದೇ ಬಿಗಿ ಮಾಡುವ ಕೆಲಸ ಎರಡೂ ಕಮ್ಮಿಯಾಗುತ್ತವೆ.

ಇನ್ನೊಂದು ಅಪಾಯ ಗೊತ್ತಿರಲಿ. ಇಂಥ ಎಂಜಿನ್‌ಗಳಲ್ಲಿ ಆಲ್ಟರ್ನೇಟರ್ ಬೆಲ್ಟೇ ಕೂಲಂಟ್ ಪಂಪನ್ನೂ ತಿರುಗಿಸುವುದುಂಟು. ಬೆಲ್ಟ್ ಹರಿದರೆ ಚಾರ್ಜ್ ನಿಲ್ಲುವುದಷ್ಟೇ ಅಲ್ಲ, ಎಂಜಿನ್ನೂ ಅತಿಯಾಗಿ ಬಿಸಿಯಾಗುತ್ತದೆ. ಅತಿಯಾಗಿ ಬಿಗಿದರೆ ಪಂಪಿನ ಬೇರಿಂಗ್ ಹೋಗುತ್ತದೆ.

ಪುಲ್ಲಿ ಅನುಪಾತದ ಲೆಕ್ಕ ಸುಲಭ. ಕ್ರ್ಯಾಂಕ್ ಪುಲ್ಲಿ 130 ಮಿ.ಮೀ., ಆಲ್ಟರ್ನೇಟರ್ ಪುಲ್ಲಿ 65 ಮಿ.ಮೀ. ಇದ್ದರೆ ಎರಡು ಪಟ್ಟು. ಎಂಜಿನ್ 1,500 ಸುತ್ತಿದ್ದಾಗ ಆಲ್ಟರ್ನೇಟರ್ 3,000. ಎಂಜಿನ್ ಗರಿಷ್ಠ 3,600ಕ್ಕೆ ಹೋದಾಗ ಅದು 7,200. ಎರಡೂವರೆ ಪಟ್ಟು ಮಾಡಿದರೆ 3,750 ಮತ್ತು 9,000. ಮೇಲಿನ ಅಂಕಿ ತಯಾರಕರು ಹೇಳಿದ ಮಿತಿಯೊಳಗೆ ಇರಬೇಕು. ಪುಲ್ಲಿ ತೀರಾ ಚಿಕ್ಕದಾದರೆ ಬೆಲ್ಟಿನ ಹಿಡಿತ ತಪ್ಪುತ್ತದೆ.

5. ಕೇಬಲ್ ಮತ್ತು ಫ್ಯೂಸ್

ಹಳೆಯ ಬೋಟುಗಳಲ್ಲಿ ಒಂದು ಕೆಟ್ಟ ವ್ಯವಸ್ಥೆ ಇರುತ್ತದೆ. ಆಲ್ಟರ್ನೇಟರಿನ ಔಟ್‌ಪುಟ್ ತಂತಿ ಕಾಕ್‌ಪಿಟ್ಟಿನ ಪ್ಯಾನೆಲ್ಲಿನಲ್ಲಿರುವ ಆಮೀಟರಿಗೆ ಹೋಗಿ, ಅಲ್ಲಿಂದ ವಾಪಸ್ ಬ್ಯಾಟರಿಗೆ ಬರುತ್ತದೆ. ಬೆರಳಿಗಿಂತ ಸಣ್ಣ ತಂತಿ, ನಡುವೆ ತುಕ್ಕು ಹಿಡಿದ ಪ್ಲಗ್ಗು. 50 ಆಂಪಿಗೇ ಅದು ಬಿಸಿಯಾಗುತ್ತದೆ. 100 ಆಂಪ್ ಹರಿದರೆ ಬೆಂಕಿ. ಇದು ಇದ್ದರೆ ಮೊದಲು ಕಿತ್ತು ಹಾಕಿ. ಆಮೀಟರ್ ಬೇಡ, ಷಂಟ್ ಇದೆಯಲ್ಲ.

ಔಟ್‌ಪುಟ್ಟನ್ನು ನೇರವಾಗಿ ಹೌಸ್ ಬ್ಯಾಟರಿಗೆ, ಅಂದರೆ ಫ್ರಿಜ್, ದೀಪಗಳಿಗೆ ಕರೆಂಟ್ ಕೊಡುವ ದೊಡ್ಡ ಬ್ಯಾಟರಿಗೆ ಒಯ್ಯಿರಿ. ಹೋಗಿ ಬರುವ ದೂರ ಸೇರಿ 6 ಮೀಟರ್ ಇದ್ದರೆ, 50 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್‌ನಲ್ಲಿ 100 ಆಂಪಿಗೆ ಸುಮಾರು 0.2 ವೋಲ್ಟ್ ಇಳಿಯುತ್ತದೆ. 25 ಸ್ಕ್ವೇರ್ ಎಂಎಂ ಆದರೆ 0.4. ಚಾರ್ಜಿಂಗ್‌ನಲ್ಲಿ ಈ 0.2 ವೋಲ್ಟೂ ದೊಡ್ಡದೇ. ದಪ್ಪ ಕೇಬಲ್ಲೇ ಹಾಕಿ, ಬೋಟಿಗೆಂದೇ ಬರುವ ತವರ ಲೇಪಿಸಿದ ತಾಮ್ರದ್ದು. ನೆಗೆಟಿವ್ ಕಡೆಗೂ ಅಷ್ಟೇ ದಪ್ಪ. ಎಂಜಿನ್ ಬ್ಲಾಕನ್ನು ನಂಬಿಕೊಂಡು ನೆಗೆಟಿವ್ ಮರೆಯುವವರು ಜಾಸ್ತಿ. ಕೇಬಲ್ ತುದಿಗೆ ಹಾಕುವ ಲೋಹದ ಲಗ್ಗುಗಳನ್ನು ಸುತ್ತಿಗೆಯಲ್ಲಿ ಬಡಿಯಬೇಡಿ, ಸರಿಯಾದ ಕ್ರಿಂಪಿಂಗ್ ಉಪಕರಣ ಬಾಡಿಗೆಗಾದರೂ ತನ್ನಿ.

ಫ್ಯೂಸ್ ಬ್ಯಾಟರಿಯ ಹತ್ತಿರ ಇರಬೇಕು, ಆಲ್ಟರ್ನೇಟರ್ ಹತ್ತಿರ ಅಲ್ಲ. ಏಕೆಂದರೆ ಶಾರ್ಟ್ ಆದಾಗ ನೂರಾರು, ಸಾವಿರಾರು ಆಂಪ್ ಸುರಿಸುವುದು ಬ್ಯಾಟರಿ. ಆಲ್ಟರ್ನೇಟರಿನ ಅಂಕಿಗಿಂತ ಸುಮಾರು ಕಾಲು ಭಾಗ ಹೆಚ್ಚಿನ, ಕೇಬಲ್ ತಾಳುವ ಮಿತಿಯೊಳಗಿನ ಫ್ಯೂಸ್ ಆರಿಸಿ. 120 ಆಂಪಿಗೆ 150. ಲಿಥಿಯಂ ಆದರೆ ಕ್ಲಾಸ್-ಟಿ ಫ್ಯೂಸ್ ಬೇಕೇಬೇಕು. ಬೇರೆ ಫ್ಯೂಸುಗಳು ಅಂಥ ಶಾರ್ಟ್ ಸರ್ಕ್ಯೂಟನ್ನು ಕಡಿದು ನಿಲ್ಲಿಸುವ ಶಕ್ತಿ ಇಲ್ಲದೆ ಒಳಗೇ ಕಿಡಿ ಹಾರಿಸುತ್ತಲೇ ಇರಬಹುದು.

ಎಂಜಿನ್ ಸ್ಟಾರ್ಟ್ ಮಾಡಲೆಂದೇ ಇರುವ ಬೇರೆ ಬ್ಯಾಟರಿಯನ್ನು, ಅಂದರೆ ಸ್ಟಾರ್ಟ್ ಬ್ಯಾಟರಿಯನ್ನು ಏನು ಮಾಡುವುದು? ಹೌಸ್ ಬ್ಯಾಟರಿಯಿಂದ ಅದಕ್ಕೆ ಒಂದು ಆಟೋಮ್ಯಾಟಿಕ್ ರಿಲೇ ಅಥವಾ ಸಣ್ಣ ಡಿಸಿ-ಟು-ಡಿಸಿ ಚಾರ್ಜರ್ ಹಾಕಿ. ಎಂಜಿನ್ ಸ್ಟಾರ್ಟ್ ಮಾಡಲು ಖರ್ಚಾಗುವುದು ತೀರಾ ಕಮ್ಮಿ, ಬೇಗ ತುಂಬಿಕೊಳ್ಳುತ್ತದೆ.

6. ಹೊರಗಿನ ರೆಗ್ಯುಲೇಟರ್

ವೋಲ್ಟೇಜನ್ನು ಹಿಡಿತದಲ್ಲಿಡುವುದು ರೆಗ್ಯುಲೇಟರ್. ಆಲ್ಟರ್ನೇಟರಿನ ಒಳಗೇ ಇರುವ ಸಾದಾ ರೆಗ್ಯುಲೇಟರ್ ಕಾರಿಗೆ ಮಾಡಿದ್ದು. ಕಾರಿನ ಬ್ಯಾಟರಿ ಯಾವಾಗಲೂ ತುಂಬಿರುತ್ತದೆ, ಹಾಗಾಗಿ ಅದಕ್ಕೆ 14.2 ವೋಲ್ಟಿನ ಆಸುಪಾಸಿನ ಒಂದೇ ಅಂಕಿ ಸಾಕು. ಅರ್ಧ ಖಾಲಿಯಾದ ದೊಡ್ಡ ಬ್ಯಾಟರಿಗೆ ಸಾಲದು. ಹೊರಗಿನ ಸ್ಮಾರ್ಟ್ ರೆಗ್ಯುಲೇಟರ್ ಈ ಇಡೀ ವ್ಯವಸ್ಥೆಯ ತಲೆ. ಬಾಲ್ಮಾರ್ ಎಂಸಿ-618, ವೇಕ್‌ಸ್ಪೀಡ್ ಡಬ್ಲ್ಯುಎಸ್500 ಇಂಥವು. ಅದು ಆಲ್ಟರ್ನೇಟರಿನ ರೋಟರಿಗೆ (ಒಳಗೆ ತಿರುಗುವ ಸುರುಳಿ) ಹೋಗಿ ಅದನ್ನು ಅಯಸ್ಕಾಂತ ಮಾಡುವ ಫೀಲ್ಡ್ ಕರೆಂಟನ್ನು ಏರಿಸಿ ಇಳಿಸಿ ಔಟ್‌ಪುಟ್ ನಿಯಂತ್ರಿಸುತ್ತದೆ. ಫೀಲ್ಡಿಗೆ ಕೆಲವೇ ಆಂಪ್ ಸಾಕು.

ಕೊಳ್ಳುವಾಗ ಒಂದು ವಿಷಯ ಕೇಳಿ. ಆಲ್ಟರ್ನೇಟರ್ ಪಿ-ಟೈಪೋ ಎನ್-ಟೈಪೋ? ಪಿ-ಟೈಪ್ ಆದರೆ ರೆಗ್ಯುಲೇಟರ್ ಫೀಲ್ಡಿಗೆ ಪಾಸಿಟಿವ್ ಕೊಡುತ್ತದೆ. ಎನ್-ಟೈಪ್ ಆದರೆ ನೆಗೆಟಿವ್ ಕಡೆಯನ್ನು ಹಿಡಿದು ನಿಯಂತ್ರಿಸುತ್ತದೆ. ಆಲ್ಟರ್ನೇಟರ್, ರೆಗ್ಯುಲೇಟರ್ ಎರಡೂ ಒಂದಕ್ಕೊಂದು ಹೊಂದಬೇಕು.

ತಂತಿಗಳು ಹೀಗೆ. ಪಾಸಿಟಿವ್, ನೆಗೆಟಿವ್, ಫೀಲ್ಡ್, ಇಗ್ನಿಷನ್, ಟ್ಯಾಕೋಮೀಟರಿಗೆ ಒಂದು, ಬ್ಯಾಟರಿಯ ವೋಲ್ಟೇಜ್ ಅಳೆಯಲು ಒಂದು. ಈ ಕೊನೆಯದು, ಅಂದರೆ ಸೆನ್ಸ್ ತಂತಿ, ಆಲ್ಟರ್ನೇಟರಿಗೆ ಅಲ್ಲ, ಬ್ಯಾಟರಿಯ ಟರ್ಮಿನಲ್ಲಿಗೇ ಹೋಗಬೇಕು. ದಾರಿಯಲ್ಲಿ ಸಣ್ಣ ಫ್ಯೂಸ್ ಇರಲಿ. ಆಗ ಕೇಬಲ್‌ನಲ್ಲಿ ಇಳಿದ ವೋಲ್ಟೇಜನ್ನು ರೆಗ್ಯುಲೇಟರ್ ತಾನೇ ತುಂಬಿಕೊಡುತ್ತದೆ. ಇಗ್ನಿಷನ್ ತಂತಿಯನ್ನು ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ತನ್ನಿ. ಎಂಜಿನ್ ನಿಂತು ಕೀ ಆನ್ ಉಳಿದರೆ ಫೀಲ್ಡ್ ಸುಮ್ನೆ ಬಿಸಿಯಾಗುತ್ತಾ ಬ್ಯಾಟರಿ ಖಾಲಿ ಮಾಡುತ್ತದೆ. ಆಯಿಲ್ ಪ್ರೆಷರ್ ಇಲ್ಲದಿದ್ದರೆ ಫೀಲ್ಡೂ ಇಲ್ಲ ಎಂದಾದರೆ ಆ ಚಿಂತೆ ಇರುವುದಿಲ್ಲ.

ಎರಡು ಉಷ್ಣತೆ ಸೆನ್ಸರ್ ಹಾಕಿ. ಒಂದು ಬ್ಯಾಟರಿಗೆ, ಇನ್ನೊಂದು ಆಲ್ಟರ್ನೇಟರಿನ ಮೈಗೆ. ಇವೆರಡನ್ನು ಉಳಿತಾಯದ ನೆಪದಲ್ಲಿ ಬಿಡಬೇಡಿ. ಮೈ 105–110 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ರೆಗ್ಯುಲೇಟರ್ ಔಟ್‌ಪುಟ್ ಇಳಿಸುವ ಹಾಗೆ ಸೆಟ್ ಮಾಡಿ.

ಇನ್ನು ವೋಲ್ಟೇಜ್. ಬ್ಯಾಟರಿ ತಯಾರಕರ ಹಾಳೆಯೇ ಅಂತಿಮ. ಟ್ರೋಜನ್ ತನ್ನ ನೀರಿನ ಬ್ಯಾಟರಿಗೆ ಅಬ್ಸಾರ್ಪ್ಷನ್ 14.8, ಫ್ಲೋಟ್ (ತುಂಬಿದ ಮೇಲೆ ಹಾಗೇ ಕಾಯ್ದುಕೊಳ್ಳುವ ವೋಲ್ಟೇಜ್) 13.5 ಎನ್ನುತ್ತದೆ, 25 ಡಿಗ್ರಿಯಲ್ಲಿ. ಡಿಗ್ರಿಗೆ 0.03 ವೋಲ್ಟ್ ಲೆಕ್ಕದಲ್ಲಿ ಬಿಸಿಗೆ ಇಳಿಸಬೇಕು, ಚಳಿಗೆ ಏರಿಸಬೇಕು. ಬ್ಯಾಟರಿ 40 ಡಿಗ್ರಿ ಇದ್ದರೆ ಸುಮಾರು 14.4 ಸಾಕು. ಎಜಿಎಂಗಳಲ್ಲಿ ಹೆಚ್ಚಿನವಕ್ಕೆ 14.4ರ ಆಸುಪಾಸು. ಜೆಲ್‌ಗೆ 14.1–14.2, ಅದನ್ನು ಮೀರಿದರೆ ಜೆಲ್ ಕೆಡುತ್ತದೆ.

ಕೊನೆಯದಾಗಿ ಫೀಲ್ಡ್ ಮಿತಿ. ಔಟ್‌ಪುಟ್ಟನ್ನು ಶೇ. 80–85ಕ್ಕೆ ಕಟ್ಟಿಹಾಕುವ ಸೌಲಭ್ಯ ಈ ರೆಗ್ಯುಲೇಟರುಗಳಲ್ಲಿ ಇರುತ್ತದೆ. ಬಳಸಿ. ಬೆಲ್ಟು, ಬೇರಿಂಗ್, ಡಯೋಡು (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಎಲ್ಲ ಹೆಚ್ಚು ಕಾಲ ಬರುತ್ತವೆ. 120ರ ಆಲ್ಟರ್ನೇಟರಿನಿಂದ 90 ತೆಗೆಯುವುದು, 90ರದ್ದರಿಂದ 90 ತೆಗೆಯುವುದಕ್ಕಿಂತ ಯಾವಾಗಲೂ ಜಾಣತನ.

7. ಕೂರಿಸುವ ದಿನ

ಮೊದಲು ಬ್ಯಾಟರಿಗಳ ನೆಗೆಟಿವ್ ಬಿಚ್ಚಿ. ಸೋಲಾರ್ ಮತ್ತು ದಡದ ಕರೆಂಟೂ ಆಫ್. ಉಂಗುರ, ವಾಚು ತೆಗೆದಿಡಿ. ಹಳೆಯ ಆಲ್ಟರ್ನೇಟರ್ ಬಿಚ್ಚುವ ಮೊದಲು ಪ್ರತಿ ತಂತಿಗೂ ಟೇಪ್ ಅಂಟಿಸಿ ಹೆಸರು ಬರೆಯಿರಿ, ಫೋಟೋ ತೆಗೆಯಿರಿ.

ಹೊಸದನ್ನು ಬೋಲ್ಟಿಗೆ ಸಡಿಲವಾಗಿ ಕೂರಿಸಿ. ಪುಲ್ಲಿಗಳು ಒಂದೇ ಗೆರೆಯಲ್ಲಿವೆಯೇ ಎಂದು ಉದ್ದನೆಯ ನೇರ ಪಟ್ಟಿ ಇಟ್ಟು ನೋಡಿ. ಒಂದೆರಡು ಮಿ.ಮೀ. ಆಚೀಚೆ ಇದ್ದರೂ ವಾಷರ್ ಹಾಕಿ ಸರಿಮಾಡಿ. ಬೆಲ್ಟ್ ಬೇಗ ಸಾಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ. ನಂತರ ಬಿಗಿ. ಪುಲ್ಲಿಗಳ ನಡುವಿನ ಉದ್ದ ಭಾಗದ ಮಧ್ಯೆ ಹೆಬ್ಬೆರಳಿನಿಂದ ಒತ್ತಿದರೆ ವಿ-ಬೆಲ್ಟ್ ಸುಮಾರು 10 ಮಿ.ಮೀ. ಬಾಗಬೇಕು. ಇನ್ನೊಂದು ಪರೀಕ್ಷೆ: ಎಂಜಿನ್ ನಿಂತಿರುವಾಗ ಆಲ್ಟರ್ನೇಟರ್ ಪುಲ್ಲಿಯ ನಟ್ಟನ್ನು ಸ್ಪ್ಯಾನರಿನಿಂದ ತಿರುಗಿಸಿ. ಪುಲ್ಲಿ ಬೆಲ್ಟಿನೊಳಗೆ ಜಾರಿದರೆ ಇನ್ನೂ ಬಿಗಿ ಬೇಕು.

ರೆಗ್ಯುಲೇಟರನ್ನು ಎಂಜಿನ್ ಕೋಣೆಯ ಹೊರಗೆ ತಣ್ಣನೆಯ ಜಾಗದಲ್ಲಿ ಹಾಕಿ. ಎಂಜಿನ್ ಕೋಣೆಯ ಬಿಸಿಗಾಳಿ ಹೊರಹಾಕುವ ಬ್ಲೋವರ್ ಇದ್ದರೆ ಚಾರ್ಜ್ ಮಾಡುವಾಗ ಓಡಿಸಿ. ಆ ಎರಡು-ಮೂರು ಆಂಪ್ ಖರ್ಚು ದುಪ್ಪಟ್ಟಾಗಿ ವಾಪಸ್ ಬರುತ್ತದೆ.

ಬ್ಯಾಟರಿ ಸ್ವಿಚ್ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಎಂಜಿನ್ ಓಡುವಾಗ ಆಲ್ಟರ್ನೇಟರನ್ನು ಬ್ಯಾಟರಿಯಿಂದ ಬಿಡಿಸಬಾರದು. ಹೋಗಲು ಜಾಗವಿಲ್ಲದ ಕರೆಂಟಿನಿಂದ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಡಯೋಡುಗಳು ಸುಡುತ್ತವೆ, ಕೆಲವೊಮ್ಮೆ ಜೊತೆಗೆ ರೇಡಿಯೋ, ಜಿಪಿಎಸ್ಸೂ. ಔಟ್‌ಪುಟ್ ನೇರ ಬ್ಯಾಟರಿಗೆ ಹೋಗಿದ್ದರೆ ಯಾರೋ ನೆಂಟರು ಬಂದು ಸ್ವಿಚ್ ತಿರುಗಿಸಿದರೂ ಏನೂ ಆಗುವುದಿಲ್ಲ.

8. ಮೊದಲ ಓಟ

ಬ್ಯಾಟರಿ ಸ್ವಲ್ಪ ಖಾಲಿ ಇರುವಾಗ ಪರೀಕ್ಷಿಸಿ. ತುಂಬಿದ ಬ್ಯಾಟರಿಗೆ ಕರೆಂಟೇ ಹೋಗುವುದಿಲ್ಲ, ಏನೂ ಗೊತ್ತಾಗುವುದಿಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಔಟ್‌ಪುಟ್ ಬರದಿದ್ದರೆ ಗಾಬರಿ ಬೇಡ. ಎಂಜಿನ್ ಬೆಚ್ಚಗಾಗಲೆಂದು ಸ್ಮಾರ್ಟ್ ರೆಗ್ಯುಲೇಟರ್ ಸ್ವಲ್ಪ ತಡಮಾಡಿ, ನಿಧಾನವಾಗಿ ಏರಿಸುತ್ತದೆ.

1,500 ಸುತ್ತಿಗೆ ಇಟ್ಟು ಔಟ್‌ಪುಟ್ ಕೇಬಲ್ಲಿಗೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ. ಆಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ಪಾಸಿಟಿವ್‌ಗೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್‌ಗೆ ಇಟ್ಟು ಓದಿ. ಕರೆಂಟ್ ಹರಿಯುವಾಗ ಅದು 0.3 ವೋಲ್ಟಿಗಿಂತ ಕಮ್ಮಿ ಇರಬೇಕು. ನೆಗೆಟಿವ್ ಕಡೆಗೂ ಹಾಗೇ. ಜಾಸ್ತಿ ಇದ್ದರೆ ಯಾವುದೋ ಲಗ್ಗು ಸಡಿಲವಿದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಪ್ರತಿ ಜಾಯಿಂಟ್ ನೋಡುತ್ತಾ ಹೋಗಿ. ಬಿಸಿಯಾದ ಜಾಗವೇ ಕಳ್ಳ. ಕೈ, ಅಂಗಿಯ ತೋಳು, ಕೂದಲು ಬೆಲ್ಟಿನಿಂದ ದೂರವಿರಲಿ.

ಅರ್ಧ ಗಂಟೆಯ ನಂತರ ಮತ್ತೆ ಎಲ್ಲ ಅಳೆಯಿರಿ. ಈಗ ಬರುವುದೇ ನಿಮ್ಮ ನಿಜವಾದ ಅಂಕಿ. ಎಂಜಿನ್ ನಿಲ್ಲಿಸಿ ಬೆಲ್ಟ್ ಮತ್ತೊಮ್ಮೆ ಬಿಗಿ ಮಾಡಿ. ಹೊಸ ಬೆಲ್ಟ್ ಮೊದಲ ಕೆಲವು ಗಂಟೆಗಳಲ್ಲಿ ಹಿಗ್ಗುತ್ತದೆ.

ಟ್ಯಾಕೋಮೀಟರ್ ತಪ್ಪು ತೋರಿಸಬಹುದು. ಅದು ಆಲ್ಟರ್ನೇಟರಿನ ಮಿಡಿತ ಎಣಿಸಿ ಎಂಜಿನ್ ವೇಗ ಹೇಳುತ್ತದೆ. ಪುಲ್ಲಿಯ ಅಳತೆ ಅಥವಾ ಒಳಗಿನ ಧ್ರುವಗಳ ಸಂಖ್ಯೆ ಬದಲಾದರೆ ಮತ್ತೆ ಹೊಂದಿಸಬೇಕು, ಹಿಂದೆ ಒಂದು ಸ್ಕ್ರೂ ಇರುತ್ತದೆ.

9. ಲಿಥಿಯಂ ಇದ್ದರೆ ಬೇರೆಯೇ ಕಥೆ

ಲಿಥಿಯಂ ಬ್ಯಾಟರಿಗೆ ಆ ಕೊನೆಯ ನಿಧಾನದ ಕಾಟ ಇಲ್ಲ. ಶೇ. 20ರಿಂದ 95ರವರೆಗೂ ಸಿಕ್ಕಷ್ಟು ತೆಗೆದುಕೊಳ್ಳುತ್ತದೆ. ಎಂಜಿನ್ನಿನಿಂದ ಚಾರ್ಜ್ ಮಾಡುವವರಿಗೆ ಇದು ವರ. ಸಮಸ್ಯೆಯೂ ಅಲ್ಲೇ ಇದೆ. ಲೆಡ್-ಆಸಿಡ್ ಸ್ವಲ್ಪ ಹೊತ್ತಿನಲ್ಲಿ ತಾನೇ ಕರೆಂಟ್ ಇಳಿಸಿ ಆಲ್ಟರ್ನೇಟರಿಗೆ ಬಿಡುವು ಕೊಡುತ್ತಿತ್ತು. ಲಿಥಿಯಂ ಬಿಡುವು ಕೊಡುವುದಿಲ್ಲ. ಎಂಜಿನ್ ಐಡಲ್‌ನಲ್ಲಿ ಇದ್ದರಂತೂ ಆಲ್ಟರ್ನೇಟರಿನ ಸ್ವಂತ ಫ್ಯಾನೂ ನಿಧಾನ, ತಂಪಾಗುವುದಿಲ್ಲ. ಸಾದಾ ಆಲ್ಟರ್ನೇಟರನ್ನು ಲಿಥಿಯಂಗೆ ನೇರ ಕಟ್ಟಿದರೆ ಸುಟ್ಟುಹೋಗುವುದು ಹೀಗೆ. ಉಷ್ಣತೆ ಸೆನ್ಸರ್ ಮತ್ತು ಫೀಲ್ಡ್ ಮಿತಿ ಇಲ್ಲಿ ಕಡ್ಡಾಯ, ಶೇ. 70ರಿಂದ ಶುರುಮಾಡಿ.

ಎರಡನೆಯ ಅಪಾಯ ಬ್ಯಾಟರಿಯೊಳಗಿನ ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ. ಸೆಲ್ ವೋಲ್ಟೇಜ್ ಮೀರಿದರೆ ಅದು ಬ್ಯಾಟರಿಯನ್ನು ಥಟ್ಟನೆ ಕಡಿದುಹಾಕುತ್ತದೆ. ಎಂಜಿನ್ ಓಡುವಾಗ ಸ್ವಿಚ್ ಆಫ್ ಮಾಡಿದ ಹಾಗೆಯೇ ಆಯಿತು, ಅಲ್ವಾ? ಇದಕ್ಕೆ ಎರಡು ದಾರಿ. ಬಿಎಂಎಸ್ ಕಡಿಯುವ ಮೊದಲೇ ರೆಗ್ಯುಲೇಟರಿಗೆ ಸಂಕೇತ ಕಳಿಸಿ ಫೀಲ್ಡ್ ನಿಲ್ಲಿಸುವಂಥ ಬ್ಯಾಟರಿ ಕೊಳ್ಳುವುದು ಒಂದು. ಆಲ್ಟರ್ನೇಟರನ್ನು ಲೆಡ್-ಆಸಿಡ್ ಸ್ಟಾರ್ಟ್ ಬ್ಯಾಟರಿಗೆ ಕಟ್ಟಿ, ಅಲ್ಲಿಂದ ಡಿಸಿ-ಟು-ಡಿಸಿ ಚಾರ್ಜರ್ ಮೂಲಕ ಲಿಥಿಯಂಗೆ ಕೊಡುವುದು ಇನ್ನೊಂದು. ಎರಡನೆಯದು ಸರಳ, ಸುರಕ್ಷಿತ. ಆದರೆ ವಿಕ್ಟ್ರಾನ್ ಓರಿಯನ್ ಎಕ್ಸ್‌ಎಸ್ ಥರದ್ದು ಒಂದಕ್ಕೆ 50 ಆಂಪ್ ಮಾತ್ರ. ದೊಡ್ಡ ಆಲ್ಟರ್ನೇಟರ್ ಹಾಕಿದ್ದರ ಲಾಭ ಬೇಕಿದ್ದರೆ ಎರಡು ಚಾರ್ಜರ್ ಬೇಕು, ಇಲ್ಲವೇ ಮೊದಲನೆಯ ದಾರಿ. ಎರಡರಲ್ಲಿ ಯಾವುದಾದರೂ ಸರಿ, ಆಲ್ಟರ್ನೇಟರಿಗೆ ವೋಲ್ಟೇಜ್ ಚಿಮ್ಮುವುದನ್ನು ಹೀರಿಕೊಳ್ಳುವ ರಕ್ಷಣಾ ಸಾಧನವೂ ಇರಲಿ.

ವೋಲ್ಟೇಜ್ 14.2 ಸಾಕು. ಬ್ಯಾಟರಿಯ ಬಿಸಿಗೆ ತಕ್ಕಂತೆ ವೋಲ್ಟೇಜ್ ಬದಲಿಸುವ ಸೆಟ್ಟಿಂಗ್ ಲಿಥಿಯಂಗೆ ಬೇಡ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು, ಸೆಲ್ ಶಾಶ್ವತವಾಗಿ ಕೆಡುತ್ತದೆ. ಉತ್ತರ ಯುರೋಪಿನ ಚಳಿಗಾಲದಲ್ಲಿ ಇದು ಬರೀ ಪುಸ್ತಕದ ಮಾತಲ್ಲ.

10. ದಿನನಿತ್ಯದ ರೂಢಿ

ಡೀಸೆಲ್ ಎಂಜಿನ್ನಿಗೆ ಹೊರೆಯಿಲ್ಲದೆ ಗಂಟೆಗಟ್ಟಲೆ ಐಡಲ್ ಓಡುವುದು ಒಗ್ಗುವುದಿಲ್ಲ. ಸಿಲಿಂಡರಿನ ಗೋಡೆ ನುಣುಪಾಗಿ ಆಯಿಲ್ ತಿನ್ನಲು ಶುರುವಾಗುತ್ತದೆ, ಎಕ್ಸಾಸ್ಟ್ ಎಲ್ಬೋದಲ್ಲಿ ಮಸಿ ಕಟ್ಟುತ್ತದೆ. ದೊಡ್ಡ ಆಲ್ಟರ್ನೇಟರ್ ಮೂರು-ನಾಲ್ಕು ಅಶ್ವಶಕ್ತಿ ಎಳೆಯುವುದು ಈ ದೃಷ್ಟಿಯಿಂದ ಒಳ್ಳೆಯದೇ. ಆದರೂ ಲಂಗರಿನಲ್ಲಿ ನಿಂತು ಚಾರ್ಜ್ ಮಾಡುವುದಕ್ಕಿಂತ ಲಂಗರಿನಿಂದ ಹೊರಡುವಾಗ, ಬಂದರಿಗೆ ಸೇರುವಾಗ ಎಂಜಿನ್ ಹೇಗೂ ಓಡುತ್ತದಲ್ಲ, ಆಗ ಚಾರ್ಜ್ ಮಾಡಿಕೊಳ್ಳಿ. ಗಾಳಿ ಬಿದ್ದ ಮಧ್ಯಾಹ್ನ ಎರಡು ಗಂಟೆ ಎಂಜಿನ್ನಿನಲ್ಲಿ ಸಾಗಿದರೆ ಎರಡು ದಿನದ ಫ್ರಿಜ್ಜಿಗೆ ಆಯಿತು. ಬರೀ ಚಾರ್ಜಿಗಾಗಿ ಓಡಿಸಿದರೆ 1,500ಕ್ಕಿಂತ ಕೆಳಗೆ ಬೇಡ. ಕೊನೆಯ ಹತ್ತು ನಿಮಿಷ ವೇಗ ಏರಿಸಿ.

ಎಂಜಿನ್ ಓಡುವಾಗ ಯಾರೂ ಬೋಟಿನ ಹಿಂಭಾಗದ ಏಣಿಯ ಹತ್ತಿರ ಈಜಬಾರದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಅಲ್ಲೇ ತಂಗುತ್ತದೆ. ಕ್ಯಾಬಿನ್ನಿನಲ್ಲಿ ಅದರ ಅಲಾರ್ಮ್ ಇರಲಿ. ನೀರಿನ ಬ್ಯಾಟರಿಗಳು ಜೋರಾಗಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತವೆ, ಆ ಪೆಟ್ಟಿಗೆಗೆ ಹೊರಗಿನ ಗಾಳಿಯ ದಾರಿ ಬೇಕು. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಿ. ಕರೆಂಟ್ ಹೆಚ್ಚಾದ ಮೇಲೆ ನೀರೂ ಮೊದಲಿಗಿಂತ ಬೇಗ ಇಳಿಯುತ್ತದೆ.

11. ಔಟ್‌ಪುಟ್ ಬರದಿದ್ದಾಗ

ಎಂಜಿನ್ ಓಡುತ್ತಿರುವಾಗ ಫೀಲ್ಡ್ ತಂತಿಯ ವೋಲ್ಟೇಜ್ ಅಳೆಯಿರಿ. ಬ್ಯಾಟರಿ ಖಾಲಿ ಇದ್ದು, ಪಿ-ಟೈಪ್ ಆಗಿದ್ದರೆ, ಅದು ಬ್ಯಾಟರಿ ವೋಲ್ಟೇಜಿಗೆ ಹತ್ತಿರ ಇರಬೇಕು. ಸೊನ್ನೆ ಇದ್ದರೆ ತೊಂದರೆ ರೆಗ್ಯುಲೇಟರ್ ಕಡೆ. ಫ್ಯೂಸ್, ಇಗ್ನಿಷನ್ ತಂತಿ, ಆಯಿಲ್ ಸ್ವಿಚ್ ನೋಡಿ. ಫೀಲ್ಡಿನಲ್ಲಿ ವೋಲ್ಟೇಜ್ ಇದ್ದೂ ಔಟ್‌ಪುಟ್ ಇಲ್ಲವೇ? ಎಂಜಿನ್ ನಿಲ್ಲಿಸಿ, ಫೀಲ್ಡಿಗೆ ಕರೆಂಟ್ ಬರುವ ಹಾಗೆ ಮಾಡಿ, ಪುಲ್ಲಿಯ ನಟ್ಟಿನ ಹತ್ತಿರ ಸ್ಕ್ರೂಡ್ರೈವರ್ ಹಿಡಿಯಿರಿ. ಅಯಸ್ಕಾಂತದಂತೆ ಎಳೆದರೆ ರೋಟರ್ ಸರಿಯಿದೆ, ಡಯೋಡ್ ಅಥವಾ ಸ್ಟೇಟರ್ (ರೋಟರಿನ ಸುತ್ತ ತಿರುಗದೆ ಇರುವ ಸುರುಳಿ) ಅನುಮಾನಿಸಿ. ಎಳೆಯದಿದ್ದರೆ ರೋಟರಿಗೆ ಕರೆಂಟ್ ಮುಟ್ಟಿಸುವ ಬ್ರಷ್ ಸವೆದಿದೆ ಅಥವಾ ರೋಟರಿನ ಸುರುಳಿ ಕಡಿದಿದೆ. ಔಟ್‌ಪುಟ್ ಇದೆ, ಆದರೆ ಅರ್ಧಕ್ಕೆ ಇಳಿದಿದೆ ಎಂದಾದರೆ ಮೊದಲು ಬೆಲ್ಟ್, ಆಮೇಲೆ ಉಷ್ಣತೆ ಓದಿ. ರೆಗ್ಯುಲೇಟರ್ ಬಿಸಿಗೆ ಹೆದರಿ ತಾನೇ ಇಳಿಸಿರಬಹುದು.

ದೂರ ಹೋಗುವವರು ಎರಡು ಬೆಲ್ಟ್, ಒಂದು ಜೊತೆ ಬ್ರಷ್, ಒಂದೆರಡು ಫ್ಯೂಸ್ ಇಟ್ಟುಕೊಳ್ಳಿ. ಹಳೆಯ ಹಿಟಾಚಿಯನ್ನು ಗುಜರಿಗೆ ಹಾಕಬೇಡಿ. ಅದರೊಳಗೇ ರೆಗ್ಯುಲೇಟರ್ ಇರುವುದರಿಂದ ನಡುಸಮುದ್ರದಲ್ಲಿ ಹೊಸದು ಕೈಕೊಟ್ಟರೆ ಅದನ್ನೇ ಕೂರಿಸಿ 30–35 ಆಂಪ್ ಪಡೆಯಬಹುದು. ಸರ್ಪೆಂಟೈನ್ ಕಿಟ್ ಹಾಕಿದ್ದರೆ ಒಂದು ಕೆಲಸ ದಡದಲ್ಲೇ ಮುಗಿಸಿ. ಹಳೆಯದಕ್ಕೂ ಆ ಗೀರಿನ ಪುಲ್ಲಿ ಹಾಕಿಸಿ, ಬೋಲ್ಟು, ವಾಷರ್ ಸಮೇತ ಡಬ್ಬದಲ್ಲಿ ಕಟ್ಟಿಡಿ. ಹಳೆಯ ವಿ-ಪುಲ್ಲಿಯೇ ಉಳಿದಿದ್ದರೆ ಹೊಸ ಬೆಲ್ಟ್ ಅದಕ್ಕೆ ಕೂರುವುದಿಲ್ಲ.